ಒಂದಷ್ಟು ಹುಳ ಉಳಿಯಲಿ

ನಡುಗಡ್ಡೆ
ಜೂನ್ ೯

ಅಕ್ಕಾ,

ಬಂದು ತಲುಪಿದೆ. ಲಾಂಚಿನಲ್ಲಿ ವಾಂತಿಯಾಗಲಿಲ್ಲ. ನೀನು ಕೊಟ್ಟ ನಿಂಬೆಹಣ್ಣನ್ನು ಲಾಂಚಿನವನೇ ಇಸಿದುಕೊಂಡು ದಾರಿಯುದ್ದ ಮೂಸುತ್ತ ಬಂದ. ಹುಟ್ಟಿದಾಗಿನಿಂದ ಈ ಹಿನ್ನೀರಿನ ಮೇಲೆಯೇ ಓಡಾಡುವವನಿಗೆ ಇನ್ನೂ ತಲೆ ಸುತ್ತುತ್ತದಂತೆ.

ನನ್ನ ಮನೆಯೆಂದರೆ ಒಂದು ರೂಮು, ಒಲೆಗೊಂದು ಮೂಲೆ. ಕಿಟಕಿ ತೆರೆದರೆ ನೀರು, ಬಾಗಿಲು ತೆರೆದರೆ ಕುರಿ. ಇಲ್ಲಿ ಮೊಬೈಲು ಮುಖ ನೋಡಿಕೊಳ್ಳಲು ಮಾತ್ರ ಪ್ರಯೋಜನ. ವಾರಕ್ಕೊಂದು ಸಲ ಲಾಂಚು ಬರುತ್ತದೆ. ಹಿಂಡಿ, ತರಕಾರಿ, ಸೀಮೆಎಣ್ಣೆ, ಟಪಾಲು ಎಲ್ಲ ಒಟ್ಟಿಗೇ ಇಳಿಯುತ್ತವೆ. ನನ್ನ ಕಾಗದ ಕುರಿ ನಾತ ಹೊಡೆದರೆ ಮೂಗು ಮುಚ್ಚಿಕೊಂಡು ಓದು.

ಹೊರಗಿನ ರೋಗ ತಾಗಬಾರದೆಂದು ಹಿಂದೆ ಯಾರೋ ಪುಣ್ಯಾತ್ಮರು ಈ ಕುರಿ ಫಾರಮ್ಮನ್ನು ನೀರಿನ ನಡುವೆ ಕಟ್ಟಿದ್ದಾರೆ. ಇಲ್ಲಿ ಬೆಳೆಸಿದ ಒಳ್ಳೆ ತಳಿಯ ಟಗರುಗಳು ಪ್ರತಿ ಚಳಿಗಾಲ ಆಚೆ ದಡದ ಕುರಿಗಾರರಿಗೆ ಹಂಚಿಕೆಯಾಗುತ್ತವೆ. ಒಂದು ವಿಷಯ ಮಾತ್ರ ಬಂದ ದಿನವೇ ಕಣ್ಣಿಗೆ ಹೊಡೆಯಿತು. ತಿಂಗಳು ತಪ್ಪದೆ ಜಂತುಹುಳದ ಔಷಧಿ ಕುಡಿಸುತ್ತಾರೆ. ಆದರೂ ಎಷ್ಟೋ ಮರಿಗಳ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿದ್ದಿದೆ. ಕಣ್ಣಿನ ಕೆಳರೆಪ್ಪೆ ಸರಿಸಿದರೆ ಕೆಂಪಿರಬೇಕಾದ ಜಾಗ ಸುಣ್ಣ ಬಳಿದಂತಿದೆ. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳದ ಕೆಲಸ ಅದು. ಕುಡಿಸಿದ ಔಷಧಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನೋಡಬೇಕು.

ಮಾತು ಮಾತೇ ಅಕ್ಕ. ನವೆಂಬರಿನ ಕೊನೆಯ ಲಾಂಚಿಗೆ ನಾನು ವಾಪಸ್. ಆಮೇಲೆ ಅಮ್ಮ ನನ್ನ ಪಾಲು, ಬೀದಿ ಸುತ್ತುವುದು ನಿನ್ನ ಪಾಲು.

ನಿನ್ನ
ಚೂಟಿ


ಮನೆ
ಜೂನ್ ೨೬

ಚೂಟಿ,

ಕಾಗದ ನಿಜವಾಗಿಯೂ ನಾತ ಹೊಡೆಯಿತು. ಅಮ್ಮನ ಮೂಗಿನ ಹತ್ತಿರ ಹಿಡಿದೆ. ಎಡಗೈಯಿಂದ ಒಂದು ತಳ್ಳು ತಳ್ಳಿ "ಆಯ್ತು" ಅಂದಳು.

ಲಕ್ವ ಹೊಡೆದಾಗ ಅವಳ ಬಾಯಲ್ಲಿ ಉಳಿದದ್ದು ಅದೊಂದೇ ಪದ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಆದರೆ ಒಂದೇ ಪದದಲ್ಲಿ ಎಷ್ಟು ಬೈಯಬಹುದು ಎನ್ನುವುದು ಜೊತೆಯಲ್ಲಿದ್ದವರಿಗೇ ಗೊತ್ತು. ಹಾಲು ಬಿಸಿಯಾಗಿದ್ದರೆ ಒಂದು ಆಯ್ತು, ದಿಂಬು ಸರಿಯಿಲ್ಲದಿದ್ದರೆ ಇನ್ನೊಂದು, ನಾನು ಹೊಲಿಗೆ ಮಷೀನು ತುಳಿಯಲು ಕೂತರೆ ಮತ್ತೊಂದು. ಬೇಡ ಅನ್ನುವುದಕ್ಕೂ ಆಯ್ತೇ.

ಈಗ ನನ್ನ ಸುದ್ದಿ. ನಾನು ಉಡುಪು ಹೊಲಿದುಕೊಡುವ ನಾಟಕ ಕಂಪನಿಯ ಯಜಮಾನತಿ ಮೊನ್ನೆ ತಾನೇ ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತ ಕೂತು, "ಡಿಸೆಂಬರ್ ಮೊದಲನೇ ವಾರ ತಿರುಗಾಟಕ್ಕೆ ಹೊರಡ್ತೀವಿ. ಒಂದು ವರ್ಷ. ಬಟ್ಟೆ ಪೆಟ್ಟಿಗೆ ನೋಡ್ಕೊಳ್ಳೋಕೆ ಒಬ್ರು ಬೇಕು. ಬರ್ತೀಯೇನೇ?" ಅಂದರು. ನಾನು ಆಗ ಅವರ ಸೊಂಟ ಅಳೆಯುತ್ತಿದ್ದೆ. ಅಳತೆ ಮರೆತುಹೋಗಿ ಮತ್ತೆ ಅಳೆದೆ.

"ಬರ್ತೀನಿ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು. ನೀನು ಬರುವ ವಾರಕ್ಕೇ ಅವರು ಹೊರಡುವುದು. ಮೇಲಿರುವವನು ಅಳತೆ ಹಿಡಿದು ಕತ್ತರಿಸಿದ ಹಾಗಿದೆ.

ಆರು ವರ್ಷದಲ್ಲಿ ನಾನು ಹಾಲಿಗೆ, ಔಷಧಿಗೆ, ದಾರಕ್ಕೆ ಬಿಟ್ಟರೆ ಈ ಮೆಟ್ಟಿಲು ಇಳಿದವಳಲ್ಲ. ದೂರುತ್ತಿಲ್ಲ. ಹೇಳುತ್ತಿದ್ದೇನೆ ಅಷ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ನಡುಗಡ್ಡೆ
ಜುಲೈ ೨೧

ಅಕ್ಕಾ,

ನೀನು ಬಣ್ಣದ ಪರದೆಗಳ ಹಿಂದೆ, ಕಿರೀಟ ಕತ್ತಿಗಳ ನಡುವೆ ಕೂತು ಗುಂಡಿ ಹೊಲಿಯುವುದನ್ನು ನೆನೆಸಿಕೊಂಡು ಒಬ್ಬಳೇ ನಕ್ಕೆ. ಬೇಗ ಒಂದು ಒಳ್ಳೆ ಟ್ರಂಕು ಕೊಂಡುಕೋ.

ನಿನ್ನ ತಂಗಿ ಇಲ್ಲಿ ದಿನವೆಲ್ಲ ಕುರಿಹಿಕ್ಕೆ ಆರಿಸುತ್ತಾಳೆ. ಓದಿಸಿದ್ದಕ್ಕೂ ಸಾರ್ಥಕವಾಯಿತು. ಹಿಕ್ಕೆಯನ್ನು ಉಪ್ಪುನೀರಿನಲ್ಲಿ ಕಲಸಿದರೆ ಹುಳದ ಮೊಟ್ಟೆ ತೇಲಿ ಮೇಲೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇನೆ. ಔಷಧಿ ಕುಡಿಸಿ ಎರಡು ವಾರ ಬಿಟ್ಟು ಅದೇ ಕುರಿಯ ಹಿಕ್ಕೆ ತಂದು ಮತ್ತೆ ಎಣಿಸುತ್ತೇನೆ. ಮೊದಲು ನೂರು ಮೊಟ್ಟೆ ಇದ್ದಲ್ಲಿ ಆಮೇಲೆ ಐದಕ್ಕಿಂತ ಹೆಚ್ಚು ಕಾಣಬಾರದು. ಆಗ ಔಷಧಿ ನಾಟಿತು ಅಂತ ಅರ್ಥ.

ಇಲ್ಲಿ ಮೂರು ಔಷಧಿ ಇವೆ. ಮಂದೆಯವರು ಬಿಳಿ ಮದ್ದು, ಸೂಜಿ ಮದ್ದು, ಹಳದಿ ಮದ್ದು ಅನ್ನುತ್ತಾರೆ. ಬಿಳಿಯದನ್ನು ಕುಡಿಸಿದರೂ ಒಂದೇ, ಸುಣ್ಣದ ತಿಳಿ ಕುಡಿಸಿದರೂ ಒಂದೇ. ಮೊಟ್ಟೆ ಇದ್ದಷ್ಟೇ ಇವೆ. ಸೂಜಿ ಮದ್ದು ಅರ್ಧ ಕೆಲಸ ಮಾಡುತ್ತದೆ. ಹಳದಿಯನ್ನು ಇವರು ಹೆಚ್ಚು ಬಳಸಿಲ್ಲ. ಅದೊಂದಕ್ಕೆ ಇನ್ನೂ ಹುಳ ಹೆದರುತ್ತದೆ.

ಮ್ಯಾನೇಜರು ಕೆಟ್ಟವರಲ್ಲ. "ಔಷಧಿ ಕಳಪೆ ಇರ್ಬೇಕು ಡಾಕ್ಟರೇ. ಡೋಸು ಡಬಲ್ ಮಾಡೋಣ" ಅಂದರು. ಔಷಧಿ ಸರಿಯಾಗಿಯೇ ಇದೆ, ಹುಳವೇ ಬದಲಾಗಿದೆ ಎಂದೆ. ಔಷಧಿ ಕೊಟ್ಟಾಗಲೆಲ್ಲ ಸಾಯುವ ಹುಳ ಸಾಯುತ್ತದೆ, ಸಾಯದ್ದು ಉಳಿದು ಸಂಸಾರ ಮಾಡುತ್ತದೆ. ಇವರು ವರ್ಷಗಟ್ಟಲೆ ಎಲ್ಲ ಕುರಿಗೂ ಒಂದೇ ದಿನ, ತೂಕ ಹಾಕದೆ ಕಣ್ಣಂದಾಜಿಗೆ ಕುಡಿಸಿ, ಮರುದಿನವೇ ಹೊಸ ಹುಲ್ಲುಗಾವಲಿಗೆ ಅಟ್ಟಿದ್ದಾರೆ. ಹೊಸ ಹುಲ್ಲಿನ ಮೇಲೆ ಬಿದ್ದದ್ದು ಬರೀ ಸಾಯದ ಹುಳದ ಮೊಟ್ಟೆ. ಅದನ್ನೇ ಕುರಿ ಮೇಯ್ದವು. ಟಗರಿಗಿಂತ ಮುತುವರ್ಜಿಯಿಂದ ಹುಳದ ತಳಿ ಬೆಳೆಸಿದ ಹಾಗಾಯಿತು.

ಸುತ್ತಲೂ ನೀರು. ಬೇರೆ ಮೆದು ಹುಳ ಬಂದು ಬೆರೆಯೋಣವೆಂದರೆ ದಾರಿಯಿಲ್ಲ. ಕುರಿಗೂ ಬೇರೆ ಹುಲ್ಲಿಗೆ ಹೋಗಲು ದಾರಿಯಿಲ್ಲ.

ಚೂಟಿ


ಮನೆ
ಆಗಸ್ಟ್ ೧೪

ಚೂಟಿ,

ನಿನ್ನ ಹುಳಪುರಾಣವನ್ನು ಎರಡು ಸಲ ಓದಿದೆ. ಹಾಗಾದರೆ ಮುಂದೇನು? ಮದ್ದೇ ನಾಟದಿದ್ದರೆ ಕುರಿ ಸಾಯುವುದನ್ನು ನೋಡುತ್ತ ಕೂರುವುದೇ?

ಟ್ರಂಕು ಕೊಂಡೆ. ಕಬ್ಬಿಣದ್ದು, ಹಸಿರು ಬಣ್ಣ. ಮಂಚದ ಕೆಳಗೆ ತಳ್ಳುವಾಗ ಸದ್ದಾಯಿತು. ಅಮ್ಮ ಕತ್ತು ಹೊರಳಿಸಿ ನೋಡಿದಳು. "ಬಟ್ಟೆ ಇಡೋಕಮ್ಮಾ" ಅಂದೆ. ಸುಳ್ಳಲ್ಲ. ಅವಳು ಆಯ್ತು ಕೂಡ ಅನ್ನಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಆವತ್ತಿನಿಂದ ಚಮಚ ಹಿಡಿದು ಮಂಚದ ಸರಳಿಗೆ ಕುಟ್ಟುತ್ತಾಳೆ. ನಾನು ಬಚ್ಚಲಿಗೆ ಹೋದರೂ ಕುಟ್ಟುತ್ತಾಳೆ. ಕೆಳಗಿನ ಮನೆಯ ಟೀಚರು ಬಂದು, "ನಿಮ್ಮಲ್ಲಿ ಏನಾದ್ರೂ ರಿಪೇರಿ ನಡೀತಿದ್ಯಾ?" ಎಂದು ಮರ್ಯಾದೆಯಾಗಿ ಕೇಳಿಹೋದರು.

ಕಂಪನಿಯವರು ಅಳತೆ ಕೊಡಲು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ರಾಜನ ಪಾತ್ರದವನಿಗೆ ಗೂನುಬೆನ್ನು. ಅಂಗಿಯ ಒಳಗೆ ಹತ್ತಿ ಇಟ್ಟು ಹೊಲಿದರೆ ನೆಟ್ಟಗೆ ನಿಂತ ಹಾಗೆ ಕಾಣುತ್ತಾನೆ. ಅಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಅವಳಿಗೆ ತಲೆಬಾಗಿ ನಮಸ್ಕರಿಸಿದ. ಆ ದಿನ ಸಂಜೆಯವರೆಗೆ ಚಮಚ ಕುಟ್ಟಲಿಲ್ಲ.

ನವೆಂಬರಿಗೆ ಕಾಯುತ್ತಿದ್ದೇನೆ ಎಂದು ಬರೆಯಬೇಕಾಗಿಲ್ಲ ಅಲ್ಲವೇ?

ಅಕ್ಕ


ನಡುಗಡ್ಡೆ
ಸೆಪ್ಟೆಂಬರ್ ೨೨

ಅಕ್ಕಾ,

ಮುಂದೇನು ಎಂದು ಕೇಳಿದ್ದೆಯಲ್ಲ, ಕೇಳು. ಎಲ್ಲ ಕುರಿಗೂ ಔಷಧಿ ಕೊಡುವುದನ್ನು ನಿಲ್ಲಿಸಿದ್ದೇನೆ. ವಾರವಾರ ರೆಪ್ಪೆ ಸರಿಸಿ ನೋಡಿ ಬಿಳಚಿದವಕ್ಕೆ ಮಾತ್ರ, ತೂಕ ಹಾಕಿ, ಹಳದಿ ಮದ್ದು ಕೊಡುತ್ತೇವೆ. ಉಳಿದವು ಹುಳ ಹೊತ್ತುಕೊಂಡೇ ಇರಬೇಕು. ಔಷಧಿಯ ರುಚಿ ನೋಡದ ಹುಳವೂ ಒಂದಷ್ಟು ಹುಲ್ಲಿನಲ್ಲಿ ಉಳಿದರೆ ಅವು ಗಟ್ಟಿ ಹುಳದ ಜೊತೆ ಬೆರೆಯುತ್ತವೆ. ಆಗ ಈ ಮದ್ದಾದರೂ ಕೆಲವು ವರ್ಷ ಬಾಳಿಕೆ ಬರುತ್ತದೆ. ಎಲ್ಲವನ್ನೂ ಕೊಲ್ಲಲು ಹೋದರೆ ಕೊಲ್ಲಲಾಗದ್ದೊಂದೇ ಉಳಿಯುತ್ತದೆ.

ಇದನ್ನು ಮಂದೆ ನೋಡಿಕೊಳ್ಳುವ ಸೀಟಿಯಣ್ಣನಿಗೆ ಹೇಳಿದಾಗ (ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದರೆ ಇಡೀ ಮಂದೆ ತಿರುಗುತ್ತದೆ, ಅದಕ್ಕೇ ಆ ಹೆಸರು) ಅವನು ಬಾಯಿಂದ ಬೀಡಿ ತೆಗೆದ. "ಹುಳ ಸಾಕೋಕೆ ನಿಮ್ಮನ್ನ ಇಲ್ಲಿಗೆ ಹಾಕಿದ್ದಾರಾ ಡಾಕ್ಟ್ರಮ್ಮ?" ಅಂದ. ಅವನಿಗೆ ಸಿಟ್ಟು ಬಂದಿದೆ. ಬರಬೇಕಾದ್ದೇ.

ಟಗರುಗಳದ್ದು ಬೇರೆ ತಲೆನೋವು. ಡಿಸೆಂಬರಿನಲ್ಲಿ ಅವು ಲಾಂಚು ಹತ್ತಬೇಕು. ಇದ್ದ ಹಾಗೆ ಹತ್ತಿದರೆ ಅವುಗಳ ಹೊಟ್ಟೆಯಲ್ಲಿ ಈ ಹುಳವೂ ಆಚೆ ದಡ ಸೇರುತ್ತದೆ. ಅಲ್ಲಿಯ ಪ್ರತಿ ಮಂದೆಗೂ ನಾವೇ ಹಂಚಿದ ಹಾಗೆ. ಒಂದು ದಾರಿಯಿದೆ. ಟಗರುಗಳನ್ನು ಹುಲ್ಲಿನಿಂದ ಎತ್ತಿ ಹಲಗೆ ನೆಲದ ದೊಡ್ಡಿಯಲ್ಲಿ ಕೂಡಿ, ಮೂರು ಮದ್ದನ್ನೂ ಒಟ್ಟಿಗೆ ಕೊಟ್ಟು, ಹಿಕ್ಕೆಯಲ್ಲಿ ಒಂದೂ ಮೊಟ್ಟೆ ಕಾಣದವನ್ನು ಮಾತ್ರ ಕಳಿಸುವುದು. ಹಲಗೆ ಇನ್ನೂ ಬರಬೇಕು. ದೊಡ್ಡಿಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸ್ವಲ್ಪವೇ. ಸರದಿಯ ಮೇಲೆ ಮಾಡಬೇಕು.

ಮ್ಯಾನೇಜರು, "ಹಳದಿ ಮದ್ದು ಒಂದು ಸುತ್ತು ಕುಡಿಸಿ ಕಳಿಸಿಬಿಡೋಣ. ಪ್ರತಿ ವರ್ಷ ಕಳಿಸಿಲ್ವಾ? ಯಾರು ಕೇಳ್ತಾರೆ?" ಅನ್ನುತ್ತಾರೆ. ನಾನು ಸಹಿ ಹಾಕದೆ ಟಗರು ಹೊರಡುವಂತಿಲ್ಲ. ನಾನು ಇಲ್ಲದಿದ್ದರೆ ಅವರ ಸಹಿಯೇ ಸಾಕು.

ಇಷ್ಟೆಲ್ಲ ಯಾಕೆ ಬರೆದೆ ಎಂದು ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಫೆಬ್ರವರಿವರೆಗೆ ನಾನು ಇಲ್ಲಿರಬೇಕು ಅಕ್ಕ. ನಿನ್ನನ್ನು ಎರಡು ಮೂರು ತಿಂಗಳು ತಡವಾಗಿ ಕರೆಸಿಕೊಳ್ಳಿ ಎಂದು ಕಂಪನಿಯವರನ್ನು ಕೇಳಲು ಆಗುತ್ತದೆಯೇ?

ಚೂಟಿ


ಮನೆ
ಅಕ್ಟೋಬರ್ ೬

ಚೂಟಿ,

ಕಾಗದ ತಲುಪಿತು. ಅಮ್ಮ ಚೆನ್ನಾಗಿದ್ದಾಳೆ. ಚಳಿ ಶುರುವಾಗುತ್ತದೆ, ಸ್ವೆಟರ್ ಕಳಿಸಿದ್ದೇನೆ. ತೋಳು ಉದ್ದವಾದರೆ ಮಡಚಿಕೋ.

ಅಕ್ಕ


ನಡುಗಡ್ಡೆ
ಅಕ್ಟೋಬರ್ ೨೭

ಅಕ್ಕಾ,

ಸ್ವೆಟರ್ ಸರಿಯಾಗಿದೆ. ತೋಳು ಉದ್ದವಿಲ್ಲ. ನೀನು ಅಳತೆ ತಪ್ಪುವವಳಲ್ಲ.

ಆ ನಾಲ್ಕು ಸಾಲಿನಲ್ಲಿ ಒಂದು ಬೈಗುಳವಾದರೂ ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದ ಲಾಂಚುಗಳಲ್ಲಿ ನಿನ್ನ ಕಾಗದ ಇರಲಿಲ್ಲ. ಪ್ರತಿ ಸಲವೂ ದಡದಲ್ಲಿ ನಿಂತು ಚೀಲ ಬಿಚ್ಚುವುದನ್ನು ನೋಡುತ್ತೇನೆ. ಲಾಂಚಿನವನು ನನ್ನ ಮುಖ ನೋಡಿ ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಳ್ಳುತ್ತಾನೆ.

ಸೀಟಿಯಣ್ಣನ ಒಂದು ಕುರಿ ಸತ್ತಿತು. ತಾಯಿಯಿಲ್ಲದ ಮರಿಯಾಗಿದ್ದಾಗ ಅವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಹಿಂದಿನ ವಾರ ರೆಪ್ಪೆ ನೋಡಿದಾಗ ತಿಳಿಗೆಂಪು ಇತ್ತು. ಇರಲಿ, ತಡೆಯುತ್ತದೆ ಎಂದು ಮದ್ದು ಕೊಡದೆ ಬಿಟ್ಟೆ. ನಾನು ಬಿಟ್ಟದ್ದಕ್ಕೇ ಸತ್ತಿತು. ಹೊಟ್ಟೆ ಕೊಯ್ದು ತೋರಿಸಿದೆ. ಕೆಂಪು ಬಿಳಿ ಹುರಿಹೊಸೆದ ದಾರದಂಥ ಹುಳ, ಒಳಗೋಡೆ ಕಾಣದಷ್ಟು. ಅವನು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಸಾಕಿದ್ದು ಸಾಕಾಯ್ತಾ?" ಅಂದು ಹೊರಟುಹೋದ. ಈಗ ಅವನು ಸೀಟಿ ಹೊಡೆಯುವುದು ನಾನು ಆ ಕಡೆ ಇಲ್ಲದಾಗ ಮಾತ್ರ.

ಮ್ಯಾನೇಜರು ನಿನ್ನೆ ಕರೆದು ಕೂರಿಸಿ ಟೀ ಕೊಟ್ಟರು. "ಮನೇಲಿ ತಾಯಿಗೆ ಹುಷಾರಿಲ್ಲ ಅಂತ ಕೇಳ್ದೆ. ನೀವು ಯಾವಾಗ ಬೇಕಾದ್ರೂ ಹೊರಡಿ ಡಾಕ್ಟರೇ. ನಾನು ತಡೆಯಲ್ಲ. ಇಲ್ಲೀದನ್ನ ನಾನು ನೋಡ್ಕೋತೀನಿ." ಬಾಗಿಲು ತೆಗೆದಿಟ್ಟಿದ್ದಾರೆ. ಮುಚ್ಚಿದ ಬಾಗಿಲಾಗಿದ್ದರೆ ಒದೆಯಬಹುದಿತ್ತು.

ಇವತ್ತು ಬೆಳಿಗ್ಗೆ ಬ್ಯಾಗಿಗೆ ಬಟ್ಟೆ ತುಂಬಿದೆ. ಊಟದ ಹೊತ್ತಿಗೆ ತೆಗೆದು ಮತ್ತೆ ಗೂಟಕ್ಕೆ ಹಾಕಿದೆ. ಅಕ್ಕ, ಒಂದು ಕಾಗದ ಹಾಕು. ಬೈದಾದರೂ ಹಾಕು.

ಚೂಟಿ


ಮನೆ
ನವೆಂಬರ್ ೧೨

ಚೂಟಿ,

ಬೈ ಅಂದೆಯಲ್ಲ, ಬೈಯುತ್ತೇನೆ.

ನೀನು ಮಾಡುತ್ತಿರುವುದು ಸರಿ. ಅದೇ ನನ್ನ ಹೊಟ್ಟೆ ಉರಿಸುವುದು. ಯಾರನ್ನೋ ಕಟ್ಟಿಕೊಂಡು ಓಡಿಹೋಗಿದ್ದರೆ, ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದರೆ ಬಾಯಿತುಂಬ ಶಾಪ ಹಾಕಬಹುದಿತ್ತು. ನೀನು ಪ್ರತಿ ಸಲವೂ ಸರಿಯಾದ ಕಾರಣಕ್ಕೇ ಹೋಗುತ್ತೀಯ. ಮೊದಲು ಓದು, ಆಮೇಲೆ ಪರೀಕ್ಷೆ, ಆಮೇಲೆ ದೂರದ ಕೆಲಸ, ಈಗ ಆಚೆ ದಡದ ಕುರಿಗಾರರು. ಅವರ ಮುಖವನ್ನು ನೀನು ನೋಡಿಯೂ ಇಲ್ಲ. ನನ್ನ ಮುಖ ನೋಡಿದ್ದೀಯ. ನಿನ್ನ ಲೆಕ್ಕದಲ್ಲಿ ನಾನು ರೆಪ್ಪೆ ಇನ್ನೂ ತಿಳಿಗೆಂಪಿರುವ ಕುರಿ. ಇರಲಿ, ತಡೆಯುತ್ತಾಳೆ ಅಂತ ಬಿಟ್ಟಿದ್ದೀಯ.

ಕಂಪನಿಯವರನ್ನು ಕೇಳಿದೆ. ಯಜಮಾನತಿ, "ಪರದೆ ಏಳೋದು ಯಾರಿಗೂ ಕಾಯಲ್ಲ ಕಣೇ" ಅಂದರು. ಸಿಟ್ಟಿನಿಂದಲ್ಲ. ಮನೆಗೆ ಬಂದು ಟ್ರಂಕು ಎಳೆದು ಅದರ ಮೇಲೆ ಕೂತೆ. ಅಮ್ಮ ಕುಟ್ಟಲು ಶುರು ಮಾಡಿದಳು. ನಾನು ಎದ್ದು ಹೋಗಲಿಲ್ಲ. ತುಂಬ ಹೊತ್ತು ಕುಟ್ಟಿದಳು. ಚಮಚ ಕೈಜಾರಿ ಬಿತ್ತು. ಎತ್ತಿಕೊಡಲಿಲ್ಲ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯಲಾರೆ ಚೂಟಿ. ಬಂದದ್ದಂತೂ ನಿಜ. ಇನ್ನು ಇಲ್ಲಿದ್ದರೆ ಅದು ಮತ್ತೆ ಬರುತ್ತದೆ.

ಆದ್ದರಿಂದ ಹೀಗೆ ಮಾಡಿದ್ದೇನೆ. ನೀನು ಬರಲಾರೆಯಲ್ಲ, ಬರಬೇಡ. ಅಮ್ಮನನ್ನೇ ಕರೆತರುತ್ತೇನೆ. ನವೆಂಬರಿನ ಕೊನೆಯ ಲಾಂಚಿಗೆ. ಮಾತು ಮಾತೇ ಅಂದವಳು ನೀನು. ಡಾಕ್ಟರನ್ನು ಕೇಳಿದ್ದೇನೆ. ಅಲುಗಾಡಿಸಿದರೆ ಪ್ರಾಣಕ್ಕೇನೂ ಇಲ್ಲ ಅಂದರು. ಅಮ್ಮನನ್ನೂ ಕೇಳಿದೆ. "ಆಯ್ತು" ಅಂದಳು. ಯಾವ ಆಯ್ತು ಎಂದು ನೋಡಲು ನಿಲ್ಲಲಿಲ್ಲ.

ಬಾಗಿಲಿಗೆ ಅಡ್ಡವಾಗದ ಹಾಗೆ ಒಂದು ಮಂಚಕ್ಕೆ ಜಾಗ ಮಾಡಿಡು.

ಅಕ್ಕ


ನಡುಗಡ್ಡೆ
ನವೆಂಬರ್ ೧೯

ಅಕ್ಕಾ,

ಬೇಡ. ಕೈಮುಗಿಯುತ್ತೇನೆ. ಇಲ್ಲಿ ಮನುಷ್ಯರ ಡಾಕ್ಟರಿಲ್ಲ, ಲಾಂಚು ತಪ್ಪಿದರೆ ವಾರವಿಡೀ ಏನೂ ಇಲ್ಲ. ಬಚ್ಚಲು ಹೊರಗಡೆ ಇದೆ. ನಾನು ಬೆಳಿಗ್ಗೆ ದೊಡ್ಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅವಳನ್ನು ಯಾರು ನೋಡಿಕೊಳ್ಳುತ್ತಾರೆ?

ಇದನ್ನು ಬರೆದು ಓದಿಕೊಂಡೆ. ಈ ಪ್ರಶ್ನೆಯನ್ನು ನಿನಗೆ ಕೇಳುವ ಮುಖ ನನಗಿಲ್ಲ. ಆದರೂ ಬೇಡ ಅಕ್ಕ. ಇದು ನಿನ್ನ ಕೈಸೇರುವಷ್ಟರಲ್ಲಿ ನೀವು ಹೊರಡದಿದ್ದರೆ ಸಾಕು.

ಚೂಟಿ


ಕಂಪನಿ ಕ್ಯಾಂಪು
ಡಿಸೆಂಬರ್ ೧೬

ಚೂಟಿ,

ನಿನ್ನ ಬೇಡ ನನ್ನ ಕೈಸೇರಲಿಲ್ಲ. ಕೆಳಗಿನ ಮನೆಯ ಟೀಚರು ಹೊಸ ಅಡ್ರೆಸ್ಸು ಬರೆದು ಇಲ್ಲಿಗೆ ಕಳಿಸಿದ್ದು ನಿನ್ನೆ ಬಂತು. ಮೊದಲೇ ಬಂದಿದ್ದರೂ ಹೊರಡುತ್ತಿದ್ದೆ.

ಆ ದಿನ ದಡದಲ್ಲಿ ನಾವು ಮಾತಾಡಲಿಲ್ಲ. ಹಿಂಡಿ ಮೂಟೆ ಇಳಿಸುವಷ್ಟು ಹೊತ್ತು ಮಾತ್ರ ಲಾಂಚು ನಿಂತದ್ದು. ನೀನು ಹಿಕ್ಕೆ ಮೆತ್ತಿದ ಕೈಯನ್ನು ಸ್ವೆಟರಿಗೆ ಒರೆಸಿಕೊಳ್ಳುತ್ತ ಓಡಿಬಂದೆ. ನಾನು ಅಮ್ಮನ ಮಾತ್ರೆ ಡಬ್ಬಿ ಕೊಟ್ಟು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಹೇಳಿದೆ. ನೀನು ತಲೆ ಆಡಿಸಿದೆ. ಅಷ್ಟೇ. ಹಾಗಾಗಿ ಅವಳು ಮೆಟ್ಟಿಲು ಇಳಿದ ಕಥೆ ಹೇಳುತ್ತೇನೆ.

ಸ್ಟ್ರೆಚರು ಆ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ. ಹೆಗಲ ಮೇಲೆ ಹಾಕಿಕೊಂಡು ಇಳಿಸೋಣವೆಂದರೆ ಅಮ್ಮ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಆಗ ಗೂನುಬೆನ್ನಿನ ರಾಜ, "ಸಿಂಹಾಸನ ತರ್ತೀನಿ ಇರಿ" ಅಂದ. ಕಂಪನಿಯ ಸಿಂಹಾಸನ ಗೊತ್ತಲ್ಲ, ಹಗುರ ಮರ, ಮೇಲೆ ಬಂಗಾರದ ಕಾಗದ, ಕೈಯಿಡುವಲ್ಲಿ ಸಿಂಹದ ಮುಖ. ಅದರಲ್ಲಿ ಕೂರಿಸಿ ಪಟ್ಟಿ ಬಿಗಿದು ರಂಗದ ಸಾಮಾನು ಹೊರುವ ನಾಲ್ವರು ಎತ್ತಿದರು. ಅಮ್ಮ ಎಡಗೈಯಲ್ಲಿ ಸಿಂಹದ ಮೂತಿ ಹಿಡಿದುಕೊಂಡು ಕೂತಳು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನಿಂತರು. ಟೀಚರು ಯಾಕೋ ಅತ್ತರು. ಬೀದಿಗೆ ಇಳಿದಾಗ ಬಿಸಿಲು ಮುಖಕ್ಕೆ ಬಿದ್ದು ಅಮ್ಮ ಕಣ್ಣು ಮುಚ್ಚಿಕೊಂಡಳು. ಕಂಪನಿಯ ಲಾರಿಯಲ್ಲಿ ಲಾಂಚು ಹತ್ತುವ ದಡದವರೆಗೂ ಮುಚ್ಚಿಯೇ ಇದ್ದಳು. ಅವಳನ್ನೂ ಆರು ವರ್ಷ ಆ ರೂಮಿನಲ್ಲೇ ಇಟ್ಟಿದ್ದು ನಾನು ಎನ್ನುವುದು ನನಗೆ ಆಗ ಹೊಳೆಯಿತು.

ಸಿಂಹಾಸನ ವಾಪಸ್ ಕಳಿಸಬೇಡ. ಹೊಸದು ಮಾಡಿಸಿಕೊಂಡಿದ್ದಾರೆ.

ಅಕ್ಕ


ನಡುಗಡ್ಡೆ
ಜನವರಿ ೨೨

ಅಕ್ಕಾ,

ಮೊದಲು ಅಮ್ಮನ ವಿಷಯ. ಬೆನ್ನಿಗೆ ಹುಣ್ಣಾಗಿಲ್ಲ. ಊಟ ಮಾಡುತ್ತಾಳೆ, ಅರ್ಧ ನನ್ನ ಮೇಲೆ ಉಗಿಯುತ್ತಾಳೆ. ಚಮಚ ಕಿತ್ತಿಟ್ಟಿದ್ದೇನೆ, ಈಗ ಉಂಗುರದಿಂದ ಕುಟ್ಟುತ್ತಾಳೆ. ಮೊನ್ನೆ ನಾನು ಅವಳ ಮೇಲೆ ಕೂಗಿದೆ, ಹೊರಗಿದ್ದ ಕುರಿಗಳು ಚದುರುವಷ್ಟು ಜೋರಾಗಿ. ಆಮೇಲೆ ಹೊರಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ಕೂತೆ. ನೀನು ಎಲ್ಲಿ ಹೋಗಿ ಕೂರುತ್ತಿದ್ದೆ? ನಮ್ಮ ಮನೆಯಲ್ಲಿ ಹೊರಗೆ ಅನ್ನುವ ಜಾಗವೇ ಇರಲಿಲ್ಲವಲ್ಲ.

ದೊಡ್ಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತೇನೆ. ನೀನೂ ಹಾಕುತ್ತಿದ್ದೆಯಾ? ಯಾವತ್ತೂ ಕೇಳಲಿಲ್ಲ.

ಮಧ್ಯಾಹ್ನ ಸೀಟಿಯಣ್ಣನ ಹೆಂಡತಿ ಬಂದು ಸ್ವಲ್ಪ ಹೊತ್ತು ಕೂರುತ್ತಾಳೆ. ಅವನೇ ಕಳಿಸಿದ್ದು. ನನ್ನ ಜೊತೆ ಮಾತು ಇನ್ನೂ ಅಷ್ಟಕ್ಕಷ್ಟೇ. "ನಿಮಗೋಸ್ಕರ ಅಲ್ಲ, ಆ ಮುದುಕಿಗೋಸ್ಕರ" ಅಂತ ಸ್ಪಷ್ಟವಾಗಿ ಹೇಳಿದ್ದಾನೆ.

ಟಗರುಗಳ ಮೂರು ಸರದಿ ಮುಗಿಯಿತು. ಮೊದಲ ಎರಡು ಸರದಿಯಲ್ಲಿ ಎಲ್ಲವೂ ಶುದ್ಧವಾದವು. ಲಾಂಚು ಹತ್ತಿ ಹೋದವು. ಮೂರನೆಯದರಲ್ಲಿ ಹನ್ನೊಂದು ಉಳಿದಿವೆ. ಮೂರು ಮದ್ದು ಒಟ್ಟಿಗೆ ಕೊಟ್ಟರೂ ಹಿಕ್ಕೆಯಲ್ಲಿ ಮೊಟ್ಟೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಇವೆ. ಅಂದರೆ ಹಳದಿಗೂ ಹೆದರದ ಹುಳ ಆಗಲೇ ಹುಟ್ಟಿದೆ.

ಮ್ಯಾನೇಜರಿಗೆ ತೋರಿಸಿದೆ. ಬಗ್ಗಿ ತುಂಬ ಹೊತ್ತು ನೋಡಿದರು. "ಇದಾ?" ಅಂದರು. ಇದೇ, ಅಂದೆ. "ನಾನು ಪ್ರತಿ ವರ್ಷ ಕಳಿಸ್ತಿದ್ದೆನಲ್ಲ ಡಾಕ್ಟರೇ" ಅಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅವರಿಗೆ ಟೀ ಮಾಡಿಕೊಟ್ಟೆ. ಬೇರೇನು ಮಾಡಲಿ?

ಚೂಟಿ


ಕಂಪನಿ ಕ್ಯಾಂಪು
ಫೆಬ್ರವರಿ ೨೬

ಚೂಟಿ,

ಚಿಲಕ ಹಾಕುತ್ತಿದ್ದೆ. ಹೊರಗೆ ಹೋದಾಗ ಹೊರಗಿನಿಂದ, ಒಳಗಿದ್ದಾಗ ಒಳಗಿನಿಂದ.

ಇಲ್ಲಿ ನನ್ನ ಕೆಲಸ ಪರದೆಯ ಪಕ್ಕದಲ್ಲಿ ಬಾಯಲ್ಲಿ ಸೂಜಿ ಕಚ್ಚಿಕೊಂಡು ನಿಲ್ಲುವುದು. ರಾಣಿ ಓಡಿಬಂದರೆ ಒಂದೇ ಉಸಿರಿಗೆ ಅವಳನ್ನು ಭಿಕ್ಷುಕಿ ಮಾಡಿ ವಾಪಸ್ ತಳ್ಳಬೇಕು. ನನಗೆ ಚೆನ್ನಾಗಿ ಬರುತ್ತದೆ. ಆಟ ಇಲ್ಲದ ದಿನ ಊರು ಸುತ್ತುತ್ತೇನೆ. ಹಿಂದೆ ಯಾರೂ ಕುಟ್ಟುವುದಿಲ್ಲ. ಆದರೂ ನಡುಬೀದಿಯಲ್ಲಿ ಒಮ್ಮೊಮ್ಮೆ ತಟ್ಟನೆ ನಿಂತುಬಿಡುತ್ತೇನೆ, ಹಾಲು ಒಲೆಯ ಮೇಲಿಟ್ಟು ಬಂದವಳ ಹಾಗೆ.

ಯಜಮಾನತಿ ಇನ್ನೂ ಒಂದು ವರ್ಷ ಇರು ಅನ್ನುತ್ತಾರೆ. ಮುಂದಿನ ಚಳಿಗಾಲಕ್ಕೆ ದೊಡ್ಡ ನಾಟಕ. ಉಡುಪೆಲ್ಲ ನನ್ನದೇ ಕೈಯದು ಬೇಕಂತೆ. ಇನ್ನೂ ಏನೂ ಹೇಳಿಲ್ಲ. ನಿನ್ನ ಟಗರುಗಳ ಕೆಲಸ ಈ ತಿಂಗಳಿಗೆ ಮುಗಿಯಿತಲ್ಲ. ನೀನು ಏನು ಹೇಳುತ್ತೀಯೋ ಹಾಗೆ. ಬಾ ಅಂದರೆ ಬರುತ್ತೇನೆ. ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡು ಅನ್ನುತ್ತಿಲ್ಲ.

ಅಕ್ಕ


ನಡುಗಡ್ಡೆ
ಮಾರ್ಚ್ ೨೦

ಅಕ್ಕಾ,

ಉಳಿದ ಟಗರುಗಳನ್ನು ಕಳಿಸಲಿಲ್ಲ. ಮಂದೆಗೂ ಬಿಡುವಂತಿರಲಿಲ್ಲ. ಕೊಲ್ಲಬೇಕಾಯಿತು. ನೋಡಲು ಎಷ್ಟು ಚಂದದ ಟಗರುಗಳು ಗೊತ್ತಾ, ಮೈತುಂಬ ಉಣ್ಣೆ, ಸುರುಳಿ ಕೊಂಬು. ಗೊತ್ತಿಲ್ಲದವರು ಅವನ್ನೇ ಮೊದಲು ಆರಿಸಿಕೊಳ್ಳುತ್ತಿದ್ದರು. ಸೀಟಿಯಣ್ಣ ಒಂದೊಂದನ್ನೇ ಹಿಡಿದುಕೊಟ್ಟ. ಕೊನೆಯದಾದ ಮೇಲೆ, "ಮುಂದಿನ ವಾರ ರೆಪ್ಪೆ ನೋಡೋಕೆ ಯಾವ ಕಡೆಯಿಂದ ಶುರು ಮಾಡೋಣ?" ಎಂದು ಕೇಳಿದ. ಅಷ್ಟು ಉದ್ದದ ಮಾತು ಅಕ್ಟೋಬರಿನಿಂದ ಆಡಿರಲಿಲ್ಲ.

ಗೆದ್ದೆ ಅನ್ನಲಾರೆ. ಕುರಿ ಸಾಯುವುದು ನಿಂತಿಲ್ಲ, ಹೆಚ್ಚೂ ಆಗಿಲ್ಲ. ಹಿಂದಿನ ವರ್ಷಗಳಲ್ಲಿ ಇಲ್ಲಿಂದ ಹೋದ ಟಗರುಗಳು ಆಚೆ ದಡದಲ್ಲಿ ಏನು ಮಾಡಿವೆಯೋ ಯಾರೂ ನೋಡಿಲ್ಲ. ಅಲ್ಲಿಯ ಮಂದೆಗಳ ಹಿಕ್ಕೆ ತರಿಸಿ ನೋಡಬೇಕೆಂದು ಇಲಾಖೆಗೆ ಬರೆದಿದ್ದೇನೆ. ಮ್ಯಾನೇಜರೂ ಸಹಿ ಹಾಕಿದ್ದಾರೆ. ಹಾಗೆ ಬರೆದದ್ದರ ಅರ್ಥ ನಿನಗೆ ತಿಳಿಯುತ್ತದೆ. ನನ್ನ ಕೆಲಸ ಮುಗಿಯಲಿಲ್ಲ.

ಇನ್ನೊಂದು ವಿಷಯ. ಬೇಸಿಗೆಗೆ ನೀರು ಹಿಂದಕ್ಕೆ ಸರಿದಿದೆ. ಲಾಂಚು ಈಗ ದಡಕ್ಕೆ ಬರುವುದಿಲ್ಲ, ದೂರದಲ್ಲಿ ನಿಲ್ಲುತ್ತದೆ. ನಡುವೆ ಮೊಣಕಾಲುದ್ದ ಕೆಸರು, ಹಲಗೆ ಹಾಸಿಕೊಂಡು ಮೂಟೆ ಹೊರುತ್ತಾರೆ. ಅಮ್ಮನನ್ನು ಸಿಂಹಾಸನದಲ್ಲಿ ಕೂರಿಸಿ ದಾಟಿಸುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಮಳೆ ಬಿದ್ದು ನೀರು ಏರುವವರೆಗೆ ನಾವಿಬ್ಬರೂ ಇಲ್ಲೇ. ಈಗ ಬೆಳಿಗ್ಗೆ ಅವಳನ್ನು ಬಾಗಿಲಲ್ಲಿ ಕೂರಿಸುತ್ತೇನೆ. ಅವಳು ಕೆಸರನ್ನು ನೋಡುತ್ತಾಳೆ, ನಾನು ಅವಳ ತಲೆ ಬಾಚುತ್ತೇನೆ. ನಿನ್ನ ಹಾಗೆ ಬೈತಲೆ ನೇರ ಬರುವುದಿಲ್ಲ. ಕೈ ಎತ್ತಿ ಮುಟ್ಟಿ ನೋಡಿ ಕೆದರಿಕೊಳ್ಳುತ್ತಾಳೆ. ಮತ್ತೆ ಬಾಚುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ. ಹೋದ ವಾರವೇ ಒಂದು ಕಾಗದ ಬರೆದಿದ್ದೆ. ಅದರಲ್ಲಿ ಬಾ ಅಂತ ಇತ್ತು. ಬಾ, ನೀರು ಏರಿದ ಕೂಡಲೇ ಇವಳನ್ನು ಕರೆದುಕೊಂಡು ಹೋಗು, ನನ್ನ ಕೈಲಾಗದು ಅಂತ ಎರಡು ಪುಟ. ಲಕೋಟೆಗೆ ಅಂಟೂ ಹಚ್ಚಿದ್ದೆ. ಲಾಂಚಿನವನು ಕೂಗು ಹಾಕಿದಾಗ ಹಲಗೆಯ ತುದಿಯವರೆಗೆ ಹೋಗಿ, ಅದನ್ನು ಕೊಡದೆ ಬಂದೆ.

ಇದರಲ್ಲಿ ಹೋಗು ಅಂತ ಬರೆದಿದ್ದೇನೆ. ಇನ್ನೂ ಒಂದು ವರ್ಷ ಹೋಗು. ಲಾಂಚು ಬಂದು ನಿಂತಿದೆ. ಮತ್ತೆ ಓದಿದರೆ ಕೊಡಲಾರೆ, ಓಡಿಹೋಗಿ ಅವನ ಕೈಗೆ ತುರುಕಿ ಬರುತ್ತೇನೆ.

ಚೂಟಿ